ಐದಕ್ಕೆ ಎರಡು

ನಾರಿನ್ ಪಟ್ಟಣದಲ್ಲಿ ಬೇಸಿಗೆ ಪೂರ್ತಿ
ರೇಡಿಯೇಟರಿಗೆ ನಲ್ಲಿನೀರೇ ಗತಿ.
ಸೋರುವ ಮುದಿ ಆಡಿ ಕಾರಿಗೆ
ದುಬಾರಿ ನೀಲಿ ದ್ರವ ಯಾಕೆ?
ಅಕ್ಟೋಬರಿನಲ್ಲಿ, ಅಂಗಳದ ಬಕೆಟ್ಟು
ಕೆನೆಗಟ್ಟುವ ಮೊದಲು,
ನೀರಿಳಿಸಬೇಕು. ಕುರಿ ಇಳಿಸಿದ ಹಾಗೆ ಬೆಟ್ಟದಿಂದ.

ಹೋದ ವರ್ಷ ಮರೆತೆ.

ಮೂವತ್ತೊಂದು ವರ್ಷ ಭೌತಶಾಸ್ತ್ರ ಕಲಿಸಿದವಳು ನಾನು.
ಪ್ರತಿ ಚಳಿಗಾಲ ಬಾಟಲಿಗೆ ಕಂಠಮಟ್ಟ ನೀರು ತುಂಬಿ
ಬಿರಡೆ ಬಿಗಿದು ಶಾಲೆಯ ಕಿಟಕಿಯಾಚೆ ಇಟ್ಟು
ಬೆಳಗ್ಗೆ ಒಡೆದ ಗಾಜು ಎತ್ತಿ ತೋರಿಸಿ
"ಹೆಪ್ಪುಗಟ್ಟುವ ನೀರಿಗೆ ಜಾಗ ಬೇಕು, ಬರಕೊಳ್ಳಿ" ಎಂದವಳು.
ಒಂದೇ ರಾತ್ರಿ ಸಾಕಾಯಿತು.
ಎಂಜಿನ್ನಿನ ಎರಕದ ಮೇಲೆ ಬಿರುಕು
ಕರಿಹಲಗೆಯ ನನ್ನ ಅಕ್ಷರದಷ್ಟೇ ಸ್ಪಷ್ಟ.
ಬೀದಿಗೆ ಬೀದಿಯೇ ಬಂದು ಬಗ್ಗಿ ನೋಡಿತು,
ಮುಕ್ಕಾಲುಪಾಲು ನನ್ನ ವಿದ್ಯಾರ್ಥಿಗಳೇ.
ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

ಬೆಸೆದುಕೊಟ್ಟವನು ಬೈತಿಕ್.
ಒಂಬತ್ತನೇ ತರಗತಿಯಲ್ಲಿ ಅವನಿಗೆ
ಐದಕ್ಕೆ ಎರಡು ಕೊಟ್ಟಿದ್ದೆ,
ಕೆಂಪು ಶಾಯಿ, ಕೆಳಗೆ ಗೆರೆ.

ಈ ವರ್ಷ ಸ್ಪ್ಯಾನರ್ ನನ್ನ ಕೈಯಲ್ಲೇ.
ಹಿಟ್ಟು ಕಲಸುವ ತಗಡಿನ ಬೋಗುಣಿ ಕಾರಿನಡಿಗೆ ತಳ್ಳಿ
ಸ್ವೆಟರಿನ ಮೇಲೆ ಸ್ವೆಟರ್ ತೊಟ್ಟು ಅಂಗಾತ ಮಲಗಿದ್ದೇನೆ.
ಬೈತಿಕ್ ಗೇಟಿಗೆ ಒರಗಿ ಸೂರ್ಯಕಾಂತಿ ಬೀಜ ಸಿಪ್ಪೆ ಉಗುಳುತ್ತ:
"ಎಜೆ, ಒಳಗಿನ ಹೀಟರ್ ಗುಂಡಿ ಕೆಂಪಿಗೆ ತಿರುಗಿಸಿದ್ರಾ?
ಇಲ್ಲಾಂದ್ರೆ ಹಳೇ ನೀರು ಅಲ್ಲೇ ಅವಿತುಕೊಳ್ಳತ್ತೆ."
ತಿರುಗಿಸಿರಲಿಲ್ಲ. ಎದ್ದೆ. ಮತ್ತೆ ಮಲಗಿದೆ.
ತಿರುಪು ಸಡಿಲಾಯಿತು,
ಮೊದಲು ಹನಿ, ಆಮೇಲೆ ಮೊಣಕೈತನಕ ತೋಳಿನೊಳಗೆ
ಚಹಾದ ಬಣ್ಣದ ತುಕ್ಕುನೀರು, ಐಸಿನಂಥದ್ದು.
ಬೈದೆ. ತರಗತಿಯಲ್ಲಿ ಎಂದೂ ಆಡದ ಮಾತು.
ಗೇಟಿನ ಬಳಿ ಸಿಪ್ಪೆ ಉಗುಳುವುದು ನಿಂತಿತು.

ಎಂಜಿನ್ನಿನ ಪಕ್ಕೆಗೂ ಒಂದು ತಿರುಪಿದೆ.
ಅದನ್ನೇ ಹೋದ ವರ್ಷ... ಇರಲಿ.
ಶುದ್ಧ ನೀರು ಹಾಕಿ ಇಳಿಸಿದೆ, ಮತ್ತೆ ಹಾಕಿ ಇಳಿಸಿದೆ,
ಮೂರನೇ ಸಲಕ್ಕೆ ಬೋಗುಣಿಯ ತಳ ಕಂಡಿತು.
ಆಮೇಲೆ ನೀಲಿಯ ಡಬ್ಬಿ ತೆರೆದೆ.
ಪಕ್ಕದ ಮನೆಯ ನಾಯಿ ಮೂಸಲು ಬಂತು.
ಸಿಹಿ ಅದರ ವಾಸನೆ, ಸಿಹಿಯಾಗಿಯೇ ಕೊಲ್ಲುವಂಥದ್ದು.
ಓಡಿಸಿದೆ, ಚೆಲ್ಲಿದ್ದಕ್ಕೆ ಬೂದಿ ಸುರಿದು ಗುಡಿಸಿದೆ.

"ಪೂರ್ತಿ ಅದನ್ನೇ ಸುರೀಬಾರದಾ?" ಎಂದ ಬೈತಿಕ್.
ಹದಿನೆಂಟು ವರ್ಷದಲ್ಲಿ ಅವನು ನನ್ನನ್ನು
ಕೇಳಿದ ಮೊದಲ ಪ್ರಶ್ನೆ.
"ಬರೀ ನೀರು ಸೊನ್ನೆಗೇ ಗಡ್ಡೆ. ಬರೀ ಇದು
ಸೊನ್ನೆಯ ಕೆಳಗೆ ಹದಿಮೂರಕ್ಕೆ.
ಅರ್ಧಕ್ಕರ್ಧ ಬೆರೆಸಿದರೆ ಮೂವತ್ತೈದು ದಾಟಿದರೂ ಹರಿಯುತ್ತದೆ."
"ಅದ್ಹೇಗೆ?"
ಬೂದಿಯ ಮೇಲೆ ಸ್ಪ್ಯಾನರಿನಿಂದ ಬರೆಯತೊಡಗಿದೆ:
ಗಡ್ಡೆಯಾಗಲು ನೀರಿನ ಅಣುಗಳು ಸಾಲಾಗಿ ಕೂರಬೇಕು,
ನಡುವೆ ಬೇರೆಯವನು ನುಗ್ಗಿದರೆ
ಸಾಲು ಕಟ್ಟಲಾಗದು.
"ಹಿಂದಿನ ಬೆಂಚಿನ ನನ್ನ ಹಾಗೆ," ಎಂದ.
ನಾನು ಬರೆಯುವುದನ್ನು ನಿಲ್ಲಿಸಲಿಲ್ಲ, ಆದರೆ
ಮುಂದೇನು ಬರೆದೆನೋ ನೆನಪಿಲ್ಲ.

ಮುಚ್ಚಳ ತೆಗೆದೇ ಎಂಜಿನ್ ಹಚ್ಚಿದೆವು.
ಮೇಲಿನ ಕೊಳವೆಯನ್ನು ಹಸುವಿನ ಕೆಚ್ಚಲಿನಂತೆ
ಹಿಂಡುತ್ತ ಹೋದ ಬೈತಿಕ್.
ಗುಳುಕ್.
ಮತ್ತೆ ಬಹಳ ಹೊತ್ತಿನ ಮೇಲೆ, ಗುಳುಕ್.
ಒಳಗೆ ಸಿಕ್ಕಿಬಿದ್ದ ಗಾಳಿ ಒಂದೊಂದೇ ತುತ್ತಾಗಿ ಹೊರಬಂತು.
ಕೊಳವೆ ಬಿಸಿಯಾಯಿತು. ಹೀಟರಿನ ಕಿಂಡಿಗೆ
ಇಬ್ಬರೂ ಕೈ ಒಡ್ಡಿ ಕೂತೆವು,
ಅವನು ಚಾಲಕನ ಸೀಟಿನಲ್ಲಿ, ನಾನು ಪಕ್ಕದಲ್ಲಿ.
ದುಡ್ಡು ಬೇಡವೆಂದ. "ಆ ಎರಡನ್ನ ಮೂರು ಮಾಡಿ ಸಾಕು."
"ರಿಜಿಸ್ಟರು ಶಾಲೆಯಲ್ಲಿದೆ," ಎಂದೆ.
ಥತ್, ಅಷ್ಟೇನಾ ನನಗೆ ಹೊಳೆದದ್ದು.

ಬೆಳಗ್ಗೆ ಬಕೆಟ್ಟು ತಳದವರೆಗೂ ಕಲ್ಲು.
ಬಾನೆಟ್ ಎತ್ತಿ ನೋಡಿದರೆ
ನೀಲಿ ಎರಡು ಬೆರಳು ಇಳಿದಿದೆ.
ಇನ್ನೂ ಗಾಳಿ ಇತ್ತು ಒಳಗೆ.
ಸುರಿದೆ.