ಉಳಿದದ್ದು ಒಂದು ಎಫ್

ಸೆತೂಬಲ್ ಬಂದರಿನ ಹಿಂಬೀದಿಯಲ್ಲಿ
ಜುಲ್ಮೀರಾಳ ಅಚ್ಚುಕೂಟ.
ಮೂರನೆಯ ಖಾನೆ ಎಳೆದರೆ ಬಳ್ಳಿಯಕ್ಷರದ ಮೊಳೆಗಳು,
ಗಾಳಿಗೊಡ್ಡಿದ ಹಾಯಿಯ ಹಾಗೆ ಬಲಕ್ಕೆ ವಾಲಿ
ಒಂದರ ಬಾಲ ಇನ್ನೊಂದರ ಹೆಗಲ ಮೇಲೆ.

ಇಳಿಯುವಾಗ ದಪ್ಪ, ಏರುವಾಗ ತೆಳು:
ಲೇಖನಿ ಉಸಿರೆಳೆದು ಬಿಟ್ಟ ಲೆಕ್ಕ
ಸೀಸಕ್ಕೂ ಗೊತ್ತು.

ನಾನಲ್ಲಿ ಸೀಮೆಎಣ್ಣೆಯಲ್ಲಿ ಮೊಳೆ ತೊಳೆಯುವ ಹುಡುಗ.
ಮೊದಲ ದಿನವೇ ಹೇಳಿದ್ದಳು:
"ಬರೀ ದೊಡ್ಡಕ್ಷರಗಳನ್ನೇ ಜೋಡಿಸಬೇಡ,
ಮುಳ್ಳುಪೊದೆಯಾಗುತ್ತೆ, ಓದುವವನ ಅಂಗಿ ಹರಿಯುತ್ತೆ.
ನಡುವೆ ಜಾಗ ಬಿಡಬೇಡ,
ಸಂತೆಯಲ್ಲಿ ಕೈ ತಪ್ಪಿದ ಮಕ್ಕಳ ಹಾಗೆ ನಿಂತುಬಿಡುತ್ತವೆ.
ಇಲಿಪಾಷಾಣದ ಡಬ್ಬಿಗೆ ಮಾತ್ರ ಕೊಡಲೇಬೇಡ,
ಯಾರಾದರೂ ಮಿಠಾಯಿ ಅಂದುಕೊಂಡಾರು."

ಮದುವೆಗೆ, ನಾಮಕರಣಕ್ಕೆ, ಕಿತ್ತಳೆ ಕೇಕಿನ ಪೆಟ್ಟಿಗೆಗೆ,
ದ್ರಾಕ್ಷಾರಸದ ಸೀಸೆಯ ಕೊರಳ ಚೀಟಿಗೆ.
ಕಪ್ಪು ಅಂಚಿನ ಕಾರ್ಡಿಗೂ.

ಎಲ್ಲಕ್ಕಿಂತ ಸವೆದದ್ದು ಎಫ್.
ಅದರ ಕೊಕ್ಕೆ ಮೊಳೆಯ ಮೈಯಿಂದ ಆಚೆ ಚಾಚಿದೆ,
ಕೆಳಗೆ ಆಸರೆಯಿಲ್ಲ,
ಒತ್ತು ಒಂದು ಕೂದಲು ಹೆಚ್ಚಾದರೆ ಟಿಕ್ಕೆನ್ನುತ್ತದೆ.
ನಮ್ಮ ಭಾಷೆಯಲ್ಲಿ ಮಗಳೂ ಎಫ್, ಮಗನೂ ಎಫ್,
ಸಂಸಾರ ಎಫ್, ಸುಖ ಎಫ್,
ತೀರಿಕೊಂಡವರೂ ಎಫ್.
ಊರು ಬಾಳಿದಷ್ಟೂ ಮುರಿದವು.
ಎರಕ ಹೊಯ್ಯುವವರು ಬಾಗಿಲು ಹಾಕಿ ಹನ್ನೆರಡು ವರ್ಷ.
ಒಂದೇ ಒಂದು ಉಳಿದಿತ್ತು
ಬೆಂಕಿಪೊಟ್ಟಣದಲ್ಲಿ, ಹತ್ತಿಯ ಮೇಲೆ.

ಆಗ ಬಂದಳು ಮೀನಂಗಡಿಯ ಎರ್ಮೆಲಿಂಡಾ,
ಮುಂಗೈಗೆ ಬೂತಾಯಿಯ ಪೊರೆ ಅಂಟಿಸಿಕೊಂಡು.
"ಇಂದು ನಗದು, ನಾಳೆ ಉದ್ರಿ.
ಒಂದು ಬೋರ್ಡು ಬೇಕು. ಮದುವೆಯ ಅಕ್ಷರದಲ್ಲಿ."
"ಉದ್ರಿಗೂ ಎಫ್," ಅಂದಳು ಜುಲ್ಮೀರಾ.
"ಗೊತ್ತು. ಆದರೂ.
ದೋಣಿ ಇಳಿಯದ ತಿಂಗಳಲ್ಲಿ ಕೇಳುವವರು
ನನ್ನ ಮದುವೆಯಲ್ಲಿ ಕುಣಿದವರೇ.
ಅವರಿಗೆ ಇಲ್ಲವೆನ್ನುವುದನ್ನು
ದಪ್ಪಕ್ಷರದಲ್ಲಿ ಹೇಗೆ ಅನ್ನಲಿ?"

ಸಂಜೆ ಮೂರು ಸಲ ಪೊಟ್ಟಣ ತೆರೆದಳು, ಮೂರು ಸಲ ಮುಚ್ಚಿದಳು.
ಕೊನೆಗೆ ಯಂತ್ರ ಬಿಟ್ಟು, ಕಾಗದ ಹಾಸಿ
ಅಂಗೈಯಲ್ಲೇ ಒತ್ತಿದಳು,
ಮಲಗಿದ ಕೂಸಿಗೆ ಜ್ವರ ಬಿಟ್ಟಿದೆಯೇ ನೋಡುವ ಹಾಗೆ.
ಮುರಿಯಲಿಲ್ಲ.

ಮರುವಾರ ಮೀನಿಗೆ ಹೋಗಿದ್ದೆ.
ಬೋರ್ಡಿನ ಕೆಳಗೊಬ್ಬ ಮುದುಕ ಟೋಪಿ ತೆಗೆದು ನಿಂತು
ಬಳ್ಳಿ ಹಿಡಿದು ನಿಧಾನ ಓದುತ್ತಿದ್ದ,
ತುದಿ ಮುಟ್ಟುವಷ್ಟರಲ್ಲಿ ಬುಡ ಮರೆತಿದ್ದ.
"ಯಾರದಮ್ಮ ಮದುವೆ?" ಎಂದ, ಬರಿಗೈಯಲ್ಲಿ.
ಎರ್ಮೆಲಿಂಡಾ ನನ್ನತ್ತ ನೋಡಲಿಲ್ಲ.
ಹಳೆ ಪತ್ರಿಕೆಯಲ್ಲಿ ಆರು ಬೂತಾಯಿ ಸುತ್ತಿ ಕೊಟ್ಟು
ತಕ್ಕಡಿಯ ಹಿಂದಿನ ಒದ್ದೆ ಪುಸ್ತಕದಲ್ಲಿ
ತನ್ನ ಮೀನಮುಳ್ಳಿನಂಥ ಕೈಬರಹದಲ್ಲಿ
ಏನೋ ಬರೆದುಕೊಂಡಳು.