ನೆಲದ ಪಾಲು

ಸ್ಪೇ ಹೊಳೆಯ ಬದಿಯ ತಣ್ಣನೆ ಗೋದಾಮಿನಲ್ಲಿ
ಇಶ್‌ಬೆಲ್ ಕೊಡತಿ ಎತ್ತಿ ಬಡಿಯುತ್ತಾಳೆ
ಸಾಲು ಮಲಗಿದ ಪೀಪಾಯಿಗಳ ಹೊಟ್ಟೆಗೆ.
ತುಂಬಿದ್ದು ಗೊಣಗುತ್ತದೆ, ಅಷ್ಟೆ,
ಊಟವಾದ ಮುದುಕನ ಹಾಗೆ.

ಅಪ್ಪ ಟಾರ್ಕ್ವಿಲ್‌ಗೆ ಕಿವಿ ಮಂದ.
ಓಕ್ ಹಲಗೆಗೆ ಅಂಗೈ ಇಟ್ಟು ಕೇಳುತ್ತಾನೆ,
ತಾಮ್ರದ ಭಟ್ಟಿಯ ಬಿಸಿಗೆ
ಗೆರೆಗಳೆಲ್ಲ ಅಳಿಸಿಹೋದ ಅಂಗೈ.

ನೂರಾ ಹನ್ನೆರಡನೆಯದು
ಠಣ್ ಎಂದಿತು.
ಅವಳು ತಡೆದಳು. ಅವನ ಕೈ ಅಲ್ಲೇ ಇತ್ತು.

ಎಂಬತ್ತಮೂರು. ಆ ವರ್ಷ ಯಾರೂ ಕೊಳ್ಳಲಿಲ್ಲ;
ಕಣಿವೆಯ ಭಟ್ಟಿಗಳು ಒಂದೊಂದೇ ಆರಿ
ಬಾರ್ಲಿ ಕೋಳಿಗಳ ಪಾಲಾಯಿತು.
ಬೀಗ ಹಾಕುವ ಮುನ್ನ
ಅವನಪ್ಪ ತುಂಬಿಸಿದ ಕೊನೆಯ ಪೀಪಾಯಿ ಇದು.
ಮಾರಬೇಡ ಅಂದಿದ್ದ.
ಕುಡಿ ಅನ್ನಲು ಮರೆತಿದ್ದ.

ಅಡಿಯ ಹಲಗೆಯಲ್ಲಿ ಕೂದಲೆಳೆಯಷ್ಟು ಬಿರುಕು.
ಕೆಳಗಿನ ಮಣ್ಣು ಕಪ್ಪಗೆ. ಮಂಡಿಯೂರಿ ಮೂಸಿದಳು:
ಜೇನುಮೇಣ, ಸುಟ್ಟ ಕಿತ್ತಳೆ ಸಿಪ್ಪೆ,
ಪೆಟ್ಟಿಗೆಯಿಂದ ಆಗಷ್ಟೇ ತೆಗೆದ ಕಂಬಳಿ.
ಅಜ್ಜನ ಕೈಗುಣಕ್ಕೆ
ಇನ್ನು ಇದೊಂದೇ ಸಾಕ್ಷಿ.

ನಾಲ್ಕು ತಲೆಮಾರಿನ ಕೈಬರಹದ ಲೆಕ್ಕದ ಪುಸ್ತಕದಲ್ಲಿ
ಆವಿಯಾದದ್ದಕ್ಕೆ ದೇವದೂತರ ಪಾಲೆಂದು ಒಂದು ಕಾಲಂ ಇದೆ.
ಸೋರಿದ್ದಕ್ಕೆ ಇಲ್ಲ.
ಟಾರ್ಕ್ವಿಲ್ ಪೆನ್ಸಿಲ್ ನೆಕ್ಕಿ ಅಂಚಿನಲ್ಲಿ ಬರೆದ:
ನೆಲ ಕುಡಿಯಿತು.
ಆಮೇಲೆ, ತುಸು ಯೋಚಿಸಿ: ನಿಧಾನವಾಗಿ.

ಸೋಮವಾರ ಪೀಪಾಯಿ ಕಟ್ಟುವವನು ಬರುತ್ತಾನೆ.
ಒಂದು ಹಲಗೆ ಬದಲಾಯಿಸಿದರೆ ಸಾಕು, ಅಂತಾಳೆ ಇವಳು,
ಉಳಿದವು ಗಟ್ಟಿಯಿವೆ,
ಹೊಸದನ್ನು ಇದಕ್ಕೇ ತುಂಬಿಸೋಣ.
ಅಪ್ಪನಿಗೆ ಕೇಳಿಸಲಿಲ್ಲವೇನೋ.
ಅಂಗೈ ತೆಗೆಯದೆ,
ಇನ್ನೊಮ್ಮೆ ಬಡಿ, ಎಂದ.