ಎರಡೂವರೆ ದಿನ

ಪೇಟೆಯ ಮಕ್ಕಳಿಗೆ ಪರೀಕ್ಷೆಯ ತಿಂಗಳು,
ಹೋಂಸ್ಟೇಯ ನಾಲ್ಕೂ ಕೋಣೆ ಖಾಲಿ.
"ಸೋಮವಾರ, ಮಂಗಳವಾರ, ಬುಧವಾರ ಮಧ್ಯಾಹ್ನದ ತನಕ
ಎಲ್ಲಿಗಾದರೂ ಹೋಗಿ ಬನ್ನಿ" ಎಂದರು ದೇಚಮ್ಮ,
ಎಲ್ಲಿಗಾದರೂ ಎಂಬುದು ಬಿರುನಾಣಿ ದಾಟಿದ ಮೇಲೆ
ಸಿಗುವ ಮೊದಲ ಸ್ಟಾಪು ಎಂಬಂತೆ.

ಊಟದ ಕೋಣೆಯ ಗೋಡೆಗೆ ಪ್ಲಾಸ್ಟಿಕ್ ಹೊದಿಸಿದ ಹಾಳೆ:
ಇರ್ಪು ಇಷ್ಟು, ದುಬಾರೆ ಇಷ್ಟು, ತಲಕಾವೇರಿ ಇಷ್ಟು.
ಒಂಬತ್ತು ವರ್ಷದಿಂದ ಒರೆಸುತ್ತಿದ್ದೇನೆ, ಬಾಯಿಪಾಠ.
ಅತಿಥಿಗಳು ಕೇಳಿದರೆ "ಹತ್ತಿರವೇ, ಮುಕ್ಕಾಲು ಗಂಟೆ" ಅನ್ನುತ್ತೇನೆ.
ಅವರ ಮುಕ್ಕಾಲು ಗಂಟೆಗೆ ಕಾರು ಇದೆ.
ನಮ್ಮದಕ್ಕೆ ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು,
ನಡುವೆ ಇಡೀ ಹಗಲು.

ರಾತ್ರಿ ಜೋಯಪ್ಪ ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕಕ್ಕೆ ಕೂತ.
ಹೋಗಲು ಐದು ಗಂಟೆ, ಬರಲು ಆರು.
"ಬರುವಾಗ ಒಂದು ಗಂಟೆ ಯಾಕೆ ಹೆಚ್ಚು?"
"ಬರುವಾಗ ರಸ್ತೆ ಉದ್ದ ಆಗ್ತದೆ" ಎಂದ
ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡು.
ಮೈಸೂರು? ಶಾಲೆಯವರು ತೋರಿಸಿಯಾಗಿದೆ, ಜಿರಾಫೆ ಸಮೇತ.
ಊಟಿ? ಬೆಟ್ಟದವರು ಬೆಟ್ಟ ನೋಡಲು ದುಡ್ಡು ಕೊಡುವುದೇ?
ಧರ್ಮಸ್ಥಳದ ಹರಕೆ ಬಾಕಿ ಇದೆ, ಅತ್ತೆ ನೆನಪಿಸಿದರು.
ಬಾಕಿ ತೀರಿಸುವುದು ಹೇಗೆ ರಜೆಯಾಗುತ್ತದೆ ಎಂದು
ನಾನು ಕೇಳಲಿಲ್ಲ, ಈರುಳ್ಳಿ ಹೆಚ್ಚಿದೆ.

"ಸಮುದ್ರ" ಎಂದಳು ಲಾಸ್ಯ ಚಾಪೆಯಿಂದ.
ನಿದ್ದೆ ಹೋಗಿದ್ದಾಳೆ ಅಂದುಕೊಂಡಿದ್ದೆವು.

ಸಮುದ್ರವೇನೂ ದೂರವಲ್ಲ. ಮಾಕುಟ್ಟ ಘಟ್ಟ ಇಳಿದರೆ ಕಣ್ಣೂರು;
ಅಲ್ಲಿಯ ಮೀನು ಐಸಿನ ಮೇಲೆ ಮಲಗಿ
ಹತ್ತು ಗಂಟೆಗೆಲ್ಲ ನಮ್ಮ ಗೇಟಿಗೆ ಬರುತ್ತದೆ.
ಆದರೆ ನಮ್ಮ ಭೂಪಟದ ಗಡಿ
ಈ ಹುಡುಗಿಯ ಹೊಟ್ಟೆ.
ಊರಿನ ಬಳಸು ದಾರಿ ಹೇಗೋ ತಾಳುತ್ತಾಳೆ,
ಘಟ್ಟದ ತಿರುವು ಮೂರು ಕಂಡರೆ ಮುಗಿಯಿತು.
ಹತ್ತು ವರ್ಷದ ಇವಳಿಗೆ ಅದಕ್ಕೇ
ಲೋಕವೆಂದರೆ ಮೂಡಣ ಮಾತ್ರ.
ಸೂರ್ಯ ಪಡುವಣಕ್ಕೆ ಇಳಿಯುವುದನ್ನು ದಿನಾ ನೋಡುತ್ತಾಳೆ,
ಅವನಿಗೆ ವಾಂತಿಯಾಗುವುದಿಲ್ಲವೇ ಎಂದು ಒಮ್ಮೆ ಕೇಳಿದ್ದಳು.

ಸೋಮವಾರ, ಮೊದಲ ಬಸ್ಸು. ಅವಳ ಕೈಯಲ್ಲಿ ನಿಂಬೆಹಣ್ಣು,
ಚೀಲದಲ್ಲಿ ನಾಲ್ಕು ಪ್ಲಾಸ್ಟಿಕ್ ತೊಟ್ಟೆ,
ನನ್ನ ಮೈಮೇಲೆ ಒಗೆಯಲು ಸುಲಭವಾದ ಸೀರೆ.
ವಿರಾಜಪೇಟೆಯಲ್ಲಿ ಬಸ್ಸು ಬದಲಿಸಿ
ಜೋಯಪ್ಪ ಮೂರು ಟಿಕೇಟು ಕಣ್ಣೂರಿಗೇ ತೆಗೆದ.
ಪೆರುಂಬಾಡಿ ದಾಟಿತು. ಒಂದು. ಎರಡು.
ಮೂರನೆಯದಕ್ಕೆ ನಾನು ತೊಟ್ಟೆ ಬಿಡಿಸಿ ಹಿಡಿದೆ.
ಹುಡುಗಿ ಕಣ್ಣು ಮುಚ್ಚಿ ನಿಂಬೆಹಣ್ಣು ಹಿಂಡುತ್ತಾ
ಹದಿನೇಳರವರೆಗೆ ಎಣಿಸಿದಳು.
ಹದಿನೆಂಟಕ್ಕೆ ಎಲ್ಲ ಮುಗಿಯಿತು,
ಮುಂದಿನ ಸೀಟಿನ ಮುದುಕರು ಮಲಯಾಳದಲ್ಲಿ ದೇವರನ್ನು ಕರೆದರು.

ಕೂಟುಪುಳ ಸೇತುವೆಯ ಬಳಿ ಇಳಿದೆವು,
ಗಡಿ ದಾಟಿ ಒಂದು ಕೂಗಳತೆ.
ಉಳಿದ ದಾರಿಯ ದುಡ್ಡು ನಮ್ಮನ್ನು ಬಿಟ್ಟು
ಕಣ್ಣೂರಿಗೆ ಹೋಯಿತು.

ಹೊಳೆಯ ಕಲ್ಲಿನ ಮೇಲೆ ಕೂರಿಸಿ ಮುಖ ತೊಳೆಸಿದೆ.
"ಇದು ಯಾವ ಹೊಳೆ?"
ಬರಪೊಳೆ, ಎಂದ ಜೋಯಪ್ಪ. ನಮ್ಮದೇ.
ನಾನು ಕೈಯನ್ನು ನೀರಲ್ಲೇ ಬಿಟ್ಟೆ.
ಅತಿಥಿಗಳ ಚಾದರ ಒಗೆದ ನೀರು,
ಎಷ್ಟೋ ಚಾದರ, ಯಾರ್ಯಾರದೋ ನಿದ್ದೆ,
ಹಿತ್ತಿಲ ತೋಡಿನಿಂದ ಜಾರಿ
ಒಂಬತ್ತು ವರ್ಷದಿಂದ ಇದೇ ದಾರಿಯಲ್ಲಿ
ನನಗೆ ಹೇಳದೆ ಸಮುದ್ರಕ್ಕೆ ಹೋಗುತ್ತಿತ್ತು.

ಹಿಂಡಿ ಹಿಂಡಿ ಮೆತ್ತಗಾದ ನಿಂಬೆಹಣ್ಣನ್ನು
ಲಾಸ್ಯ ನೀರಿಗೆ ಬಿಟ್ಟಳು.
ಅದು ಒಂದು ಕಲ್ಲಿಗೆ ಸುತ್ತು ಹಾಕಿ, ಯೋಚಿಸಿ, ಹೊರಟಿತು.

ಚಾ ಅಂಗಡಿಯಲ್ಲಿ ಬಿಸಿ ಪಳಂಪೊರಿ.
ಮುಖಕ್ಕೆ ಬಣ್ಣ ಬಂತು, ಎರಡನೆಯದನ್ನೂ ತಿಂದಳು.
ಜೋಯಪ್ಪ ಗಡಿಯಾರ ನೋಡಿದ: ಇನ್ನೂ ಎರಡು ದಿನ, ಎರಡು ಗಂಟೆ.
ಘಟ್ಟ ಹತ್ತುವ ಬಸ್ಸೂ ಇಳಿಯುವ ಬಸ್ಸೂ
ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬರುತ್ತವಂತೆ.
ನಾವಿಬ್ಬರು ರಸ್ತೆಯ ಎರಡೂ ಕಡೆ ನೋಡುತ್ತಾ ನಿಂತೆವು.

ಅಂಗಡಿಯವನ ಎದುರು ಲಾಸ್ಯ, ಭಾಷೆ ಬಾರದೆ,
ಬೆರಳು ತೋರಿಸಿ
ಇನ್ನೊಂದು ನಿಂಬೆಹಣ್ಣಿನ ಬೆಲೆ ಕೇಳುತ್ತಿದ್ದಳು.